ಗಾಳ ಹಾಕೋರಿಗೆ ಯಾವುದು ‘ಭರ್ಜರಿ ದಿನ’?

ಈ ಸಲದ ಎಪಿಸೋಡ್ ಗಾಳದ ಬಗ್ಗೆ. ಮೀನು ತಿನ್ನದವರೂ ಕೇಳಬಹುದು, ರೆಸಿಪಿ ಏನೂ ಹೇಳಲ್ಲ.

ನಮ್ಮ ಕಾರವಾರ ಕಡೆ ಯಾರಾದ್ರೂ ಗಾಳ ಹಿಡ್ಕೊಂಡು ಮನೆಗೆ ಬರ್ತಾ ಇದ್ರೆ, ದಾರೀಲಿ ಸಿಕ್ಕವರೆಲ್ಲ ಕೇಳೋದು ಒಂದೇ ಪ್ರಶ್ನೆ: “ಎಂತ ಸಿಕ್ತು?” ಚೀಲ ತುಂಬಿದ್ರೆ ಒಳ್ಳೇ ದಿನ, ಖಾಲಿ ಇದ್ರೆ ದಿನ ಹಾಳು. ಈಗ ಇದರ ಜೊತೆಗೆ ಇನ್ನೊಂದು ಸೇರ್ಕೊಂಡಿದೆ. ಗಾಳದ ರೀಲ್ ಸುತ್ತೋದಕ್ಕಿಂತ ಇನ್‌ಸ್ಟಾಗ್ರಾಮ್ ರೀಲ್ ಮಾಡೋದೇ ಮುಖ್ಯ ಆಗಿದೆ. ಮೀನು ಎತ್ತಿ ಹಿಡಿ, ತೂಕ ಹೇಳು, ಅಪ್‌ಲೋಡ್ ಮಾಡು.

ಹೊರದೇಶದವರು ‘ಬಾಸ್’ ಅಂತ ಕೆರೆ-ಸರೋವರದಲ್ಲಿ ಹಿಡಿಯೋ ಮೀನು ನಮ್ಮಲ್ಲಿಲ್ಲ. ನಮ್ಮ ಬಾಸ್ ಅಂದ್ರೆ ಸೀಬಾಸ್, ಕೊಂಕಣಿಯಲ್ಲಿ ಚೊಣಕ. ಆಸ್ಟ್ರೇಲಿಯಾದವರು ಬಾರಾಮುಂಡಿ ಅಂತ ಹೆಮ್ಮೆಯಿಂದ ಕರೆಯೋದೂ ಇದನ್ನೇ. ಸಮುದ್ರಕ್ಕೂ ಹೊಳೆಗೂ ಓಡಾಡೋ ಮೀನು. ಕಾಳಿ ಹೊಳೆ ಸಮುದ್ರ ಸೇರೋ ಕಡೆ, ಸೇತುವೆ ಕಂಬದ ಬುಡ, ಬಂಡೆ ಸಂದಿ, ಕಾಂಡ್ಲಾ ಗಿಡದ ಬೇರು, ಇಂಥ ಜಾಗದಲ್ಲಿ ಅಡಗಿ ನಿಂತಿರುತ್ತೆ. ನೀರು ಹರಿಯೋಕೆ ಶುರು ಆದಾಗ ಅದರ ಜೊತೆ ಬರೋ ಸಣ್ಣ ಮೀನು, ಸೀಗಡಿ ಮೇಲೆ ಎರಗುತ್ತೆ. ಅದಕ್ಕೇ ಉಬ್ಬರ-ಇಳಿತ ಗೊತ್ತಿಲ್ಲದೆ ಎಷ್ಟು ದುಬಾರಿ ರಾಡ್ ತಂದ್ರೂ ಪ್ರಯೋಜನ ಇಲ್ಲ. ಕಚ್ಚಿದ ಮೇಲೂ ಗ್ಯಾರಂಟಿ ಇಲ್ಲ, ಕಿವಿರಿನ ಮುಚ್ಚಳ ಬ್ಲೇಡ್ ಇದ್ದ ಹಾಗೆ. ನೀರಿಂದ ಮೇಲೆ ಹಾರಿ ತಲೆ ಒದರಿದ್ರೆ ದಾರ ಕಟ್.

ಈಗ ಅರ್ಗಾಕ್ಕೆ ಬರೋಣ. ಕಾರವಾರದಿಂದ ಅಂಕೋಲಾ ಕಡೆ ಹೈವೇಲಿ ಹೋಗ್ತಾ ಬಿಣಗಾ ದಾಟಿದ್ರೆ ಅರ್ಗಾ. ಬಲಗಡೆ ಸಮುದ್ರ ಇದೆ, ಆದ್ರೆ ಅಲ್ಲಿಗೆ ಗಾಳ ಹಿಡ್ಕೊಂಡು ಹೋಗೋ ಹಾಗಿಲ್ಲ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಮಾಡಿದ್ರು. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯ್ತು. ಕಾರವಾರ, ಅಂಕೋಲಾ ತಾಲೂಕಿನ ಸಾವಿರಾರು ಕುಟುಂಬ ಜಾಗ ಬಿಟ್ಟವು. ಮೀನುಗಾರರಲ್ಲಿ ಅನೇಕರು ಮುದಗಾ, ಹಾರವಾಡ, ಬೇಲೆಕೇರಿ ಕಡೆ ನೆಲೆಸಿದ್ರು. ದೇಶಕ್ಕೆ ನೌಕಾನೆಲೆ ಬೇಡ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಯಾವ ಬಂಡೆ ಹತ್ತಿರ ಯಾವ ತಿಂಗಳಲ್ಲಿ ಯಾವ ಮೀನು ಅನ್ನೋ ತಿಳಿವಳಿಕೆ ಆ ಜಾಗಕ್ಕೆ ಸೇರಿದ್ದು. ಸಾಮಾನಿನ ಜೊತೆ ಲಾರಿಗೆ ಹೇರ್ಕೊಂಡು ಹೋಗೋಕೆ ಬರಲ್ಲ. ಅಂಥವರಿಗೆ ಒಳ್ಳೇ ದಿನ ಅಂದ್ರೆ ಮೊದಲು ನೀರಿನ ಹತ್ತಿರ ಹೋಗೋಕೆ ದಾರಿ ಇರೋ ದಿನ.

ಹಳಬರ ಲೆಕ್ಕ ಬೇರೇನೇ ಇತ್ತು. ರಂಪಣಿ ಬಲೆ ಕಾಲದಲ್ಲಿ ಊರಿಗೆ ಊರೇ ದಡಕ್ಕೆ ಬಂದು ಹಗ್ಗ ಎಳೀತಿತ್ತು. ಬಂಗಡೆ, ತಾರ್ಲೆ ರಾಶಿ ಬಿದ್ದ ಮೇಲೆ ಪಾಲು ಮಾಡೋರು. ಬಲೆಗೆ ಒಂದು ಪಾಲು, ದೋಣಿಗೆ ಒಂದು, ಎಳೆದವರಿಗೆಲ್ಲ ಒಂದೊಂದು. ಅಲ್ಲಿ ‘ನಂಗೆಷ್ಟು ಸಿಕ್ತು’ ಅನ್ನೋದಕ್ಕಿಂತ ‘ಎಷ್ಟು ಮನೇಲಿ ಇವತ್ತು ಸಾರು’ ಅನ್ನೋದು ಲೆಕ್ಕ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ದಡಕ್ಕೆ ಬರೋ ಮೀನನ್ನ ಮಧ್ಯದಲ್ಲೇ ಸುತ್ತುವರಿದು ಎತ್ತೋಕೆ ಶುರುವಾಯ್ತು, ದೊಡ್ಡ ರಂಪಣಿ ಸೊರಗಿಹೋಯ್ತು.

ಸರಿ, ಚೊಣಕಕ್ಕೆ ವಾಪಸ್. ಈ ಮೀನಿನ ಬಗ್ಗೆ ಒಂದು ವಿಷಯ ಗೊತ್ತಾದ್ರೆ ನಿಮ್ಮ ರೀಲ್ ಸ್ವಲ್ಪ ಬದಲಾಗಬಹುದು. ಚೊಣಕ ಸಾಮಾನ್ಯವಾಗಿ ಮೊದಲು ಗಂಡಾಗಿ ಬೆಳೆಯುತ್ತೆ. ಕೆಲವು ವರ್ಷ ಆಗಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತೆ. ಅಂದ್ರೆ ಮೀಟರ್ ಉದ್ದದ್ದು, ಹತ್ತು ಕೆಜಿ ದಾಟಿದ್ದು, ನೀವು ಎದೆಗೆ ಒತ್ತಿಕೊಂಡು ಫೋಟೋ ತೆಗೆಸ್ಕೊಳ್ಳೋ ಮೀನು, ಹೆಚ್ಚುಕಮ್ಮಿ ಯಾವಾಗ್ಲೂ ತಾಯಿ. ಒಂದು ದೊಡ್ಡ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ, ಅದೂ ಹೊಳೆ ಬಾಯಿ ಹತ್ತಿರ. ನಾವು ಗಾಳ ಹಾಕೋದೂ ಅಲ್ಲೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪೂರ್ವ ಕರಾವಳಿಯಲ್ಲಿ 58 ಸೆಂ.ಮೀ.ಗಿಂತ ಚಿಕ್ಕದನ್ನೂ ಇಟ್ಕೊಳ್ಳೋ ಹಾಗಿಲ್ಲ, 120 ಸೆಂ.ಮೀ. ದಾಟಿದ್ದನ್ನೂ ಇಟ್ಕೊಳ್ಳೋ ಹಾಗಿಲ್ಲ. ಚಿಕ್ಕದನ್ನ ಬಿಡೋದು ಯಾರಿಗಾದ್ರೂ ಅರ್ಥ ಆಗುತ್ತೆ. ದೊಡ್ಡದನ್ನ ಬಿಡೋಕೆ ಎದೆ ಗಟ್ಟಿ ಬೇಕು ಮಾರಾಯ್ರೆ!

ನಮ್ಮ ರಾಜ್ಯದ್ದೇ ಇನ್ನೊಂದು ಮೀನಿನ ಕತೆ ಕೇಳಿ. ಮೈಸೂರಲ್ಲಿ ವ್ಯಾನ್ ಇಂಗನ್ ಅಂತ ಒಂದು ಕುಟುಂಬ ಇತ್ತು, ಬೇಟೆಯ ಹುಲಿ-ಚಿರತೆಗಳನ್ನ ಜೀವ ಇದ್ದ ಹಾಗೇ ತುಂಬಿ ನಿಲ್ಲಿಸೋದ್ರಲ್ಲಿ ಹೆಸರು ಮಾಡಿದವರು. ಆ ಮನೆಯ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ಮಹಸೀರ್ ಹಿಡಿದ್ರು. ಸುಮಾರು 54 ಕೆಜಿ! ಗಾಳ ಹಾಕೋರ ಬಾಯಲ್ಲಿ ಅದು ಇವತ್ತಿಗೂ ದೊಡ್ಡ ದಿನ. ಆದ್ರೆ ಕಾವೇರಿ ಕೊಳ್ಳದ ಆ ಡುಬ್ಬದ ಮಹಸೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿ ಸೇರಿತು. ಗಾಳ ಒಂದೇ ಕಾರಣ ಅಲ್ಲ. ಅಣೆಕಟ್ಟು, ಡೈನಮೈಟು, ಮರಳು, ಹೊರಗಿಂದ ತಂದುಬಿಟ್ಟ ಬೇರೆ ಮಹಸೀರ್ ಎಲ್ಲಾ ಸೇರಿದೆ. ದಾಖಲೆ ಇದೆ, ಮೀನಿಲ್ಲ.

ಹಾಗಂತ ಪಾತಿ ದೋಣೀಲಿ ಹೋಗಿ ದುಡಿಯೋರ ಹತ್ತಿರ ‘ಅಣ್ಣ, ಮೀನು ಬಿಟ್ಟುಬಿಡಿ’ ಅಂತ ಉಪದೇಶ ಮಾಡೋಕೆ ನಾನಂತೂ ಹೋಗಲ್ಲ. ಅವರಿಗೆ ದೊಡ್ಡ ಚೊಣಕ ಅಂದ್ರೆ ಮಗಳ ಕಾಲೇಜ್ ಫೀಸು. ನಾನು ಹೇಳ್ತಿರೋದು ಸಂಬಳ ಬರೋ ಕೆಲಸ ಇಟ್ಕೊಂಡು ಭಾನುವಾರ ಮಜಕ್ಕೆ ಹೋಗೋ ನಮ್ಮಂಥವರಿಗೆ. ನನ್ನ ಲೆಕ್ಕದಲ್ಲಿ ಮನೆಗೆ ಸಾಕಾಗೋ ಒಂದು ಮಧ್ಯಮ ಮೀನು ಸಿಕ್ರೆ ದಿನ ಗೆದ್ದ ಹಾಗೆ. ದೊಡ್ಡದು ಬಂದ್ರೆ ಕೈ ಒದ್ದೆ ಮಾಡ್ಕೊಂಡೇ ಮುಟ್ಟಿ, ದವಡೆಯಿಂದ ನೇತುಹಾಕಬೇಡಿ, ಹೊಟ್ಟೆ ಕೆಳಗೆ ಕೈ ಕೊಡಿ. ಫೋಟೋ ಒಂದೇ ಒಂದು. ಆಮೇಲೆ ನೀರಲ್ಲಿ ಹಿಡ್ಕೊಂಡಿರಿ, ಅದೇ ಬಾಲ ಬೀಸಿ ಹೋಗೋವರೆಗೆ.

ಏನೂ ಸಿಗದ ದಿನ? ಇಳಿತ ಯಾವಾಗ ಶುರುವಾಯ್ತು, ನೀರು ಕೆಂಪಿತ್ತಾ ತಿಳಿಯಿತ್ತಾ, ಮರಿಮೀನು ಎಲ್ಲಿ ಹಾರ್ತಿತ್ತು, ಫೋನಲ್ಲೇ ಬರೆದಿಟ್ಕೊಳ್ಳಿ. ಮುಂದಿನ ಅಮಾವಾಸ್ಯೆಗೆ ಕೆಲಸಕ್ಕೆ ಬರುತ್ತೆ.

ಇನ್ನೊಂದು ಮಾತು. ಜೂನ್, ಜುಲೈನಲ್ಲಿ ಬಂಡೆ ಮೇಲೆ ನಿಂತು ಗಾಳ ಹಾಕೋಕೆ ಹೋಗಬೇಡಿ. ಪಾಚಿ ಜಾರುತ್ತೆ, ಅಲೆ ಹೇಳಿ ಬರಲ್ಲ. ನಿಮ್ಮೂರ ಹೊಳೆಯಲ್ಲಿ ಚೊಣಕಕ್ಕೆ ಯಾವ ಹೆಸರಿದೆ ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ.