ಲೇಥ್ ಕೊಳ್ಳುವ ಮುನ್ನ



ಕಲ್ಯಾಣ ಚಾಲುಕ್ಯರ ಕಾಲದ ಲಕ್ಕುಂಡಿಯ ದೇಗುಲಗಳಲ್ಲಿ ತಿರುಗಣೆಯ ಮೇಲೆ ಕಡೆದ ನುಣುಪು ಕಂಬಗಳನ್ನು ನೀವು ಕಂಡಿರಬಹುದು. ವಸ್ತುವನ್ನು ತಿರುಗಿಸಿ ಉಳಿಯೊಡ್ಡುವ ಆ ಜಾಣ್ಮೆಯೇ ಕಬ್ಬಿಣ ಕಡೆಯುವ ಲೇಥ್‌ನಲ್ಲಿಯೂ ಇದೆ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್‌ಗಳು ಒಂದು ಕಾಲಕ್ಕೆ ಹೆಸರಾಗಿದ್ದವು. ಅದು ಮುಚ್ಚಿ ವರ್ಷಗಳೇ ಸಂದಿವೆ. ಇಂದು ಕೊಳ್ಳುವವನು ತಾನೇ ಪರೀಕ್ಷಿಸಿ ಆರಿಸಬೇಕು.

ತುಳಸಿಗೇರಿಯ ತರುಣನೊಬ್ಬ ಮನೆಯ ಮಗ್ಗುಲಲ್ಲಿ ವರ್ಕ್‌ಶಾಪು ಹೂಡಲು ಹೊಸ ಲೇಥ್ ಕೊಳ್ಳಹೊರಟನೆನ್ನಿ. ಪಂಪಿನ ಸವೆದ ಶಾಫ್ಟಿಗಾಗಿ ರೈತರು ಬಾಗಲಕೋಟೆಗೆ ಅಲೆಯುವುದು ತಪ್ಪೀತು. ಆದರೆ ಕೂಡಿಟ್ಟ ಹಣವನ್ನೆಲ್ಲ ಯಂತ್ರಕ್ಕೇ ಸುರಿದರೆ ಕೆಲಸ ಕೆಟ್ಟೀತು. ನಮ್ಮ ಸೀಮೆಯ ಎರೆನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ನೆಲ ಕದಲಿದರೆ ಲೇಥ್‌ನ ಎರಕದ ಪೀಠ ತಿರುಚುತ್ತದೆ. ಕಡೆದ ಸರಳು ಒಂದು ತುದಿಗೆ ದಪ್ಪ, ಇನ್ನೊಂದಕ್ಕೆ ತೆಳುವಾಗುತ್ತದೆ. ಕೂದಲೆಳೆಯ ಆ ಅಂತರವೇ ಬೇರಿಂಗಿಗೆ ಮುಳುವು.

ಆದುದರಿಂದ ಬಣ್ಣಕ್ಕೆ ಮರುಳಾಗದೆ ಪೀಠದ ತೂಕ ವಿಚಾರಿಸಬೇಕು. ಎದುರಿಗೇ ಸರಳೊಂದನ್ನು ಕಡೆಸಿ, ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಹಣದ ಒಂದು ಪಾಲನ್ನು ಗಟ್ಟಿ ಅಡಿಪಾಯಕ್ಕೆ ಮೀಸಲಿಡಬೇಕು. ತಿರುಗುವುದು ನೇರವಾಗಿ ತಿರುಗಬೇಕಾದರೆ, ಅದನ್ನು ಹೊತ್ತದ್ದು ಅಲುಗದೆ ನಿಂತಿರಬೇಕು.