ಕಡಲ ನಡುವೆ ಇರುವವನಿಗೆ ಎಚ್ಚರಿಕೆ ಯಾವ ಭಾಷೆಯಲ್ಲಿ?

(ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಕನ್ನಡ ಕಾರ್ಯಕರ್ತರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು. ಓದುಗರಿಗಾಗಿ ಬರಹ ರೂಪದಲ್ಲಿ.)



"ಹಾನಗಲ್ಲ ಎಲ್ಲಿ, ಸಮುದ್ರ ಎಲ್ಲಿ? ಪ್ರೆಸ್ಸಿನವನಿಗೆ ಹಡಗಿನ ಉಸಾಬರಿ ಯಾಕ್ರೀ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಎಲ್ಲಿ ನಿಂತರೂ ಅಲೆಯ ಸದ್ದು ಕೇಳುವುದಿಲ್ಲ. ಶಿರಸಿ ದಾಟಿ, ಘಟ್ಟ ಇಳಿದು, ಕುಮಟಾ ಮುಟ್ಟಿದ ಮೇಲೆಯೇ ನಮಗೆ ಕಡಲು. ಆದರೆ ಒಂದು ಮಾತು ಕೇಳಿ. ನಮ್ಮ ಸುತ್ತಲಿನ ಸಮುದ್ರದಲ್ಲಿ ಓಡಾಡುವ ಹಡಗುಗಳಿಗೆ ಎಚ್ಚರಿಕೆ ಹೊರಡುವ ಊರು ಯಾವುದು ಗೊತ್ತೇ? ಮುಂಬಯಿಯಲ್ಲ, ಕೊಚ್ಚಿಯಲ್ಲ, ಮಂಗಳೂರೂ ಅಲ್ಲ. ಹಿಮಾಲಯದ ತಪ್ಪಲಿನ ಡೆಹರಾಡೂನ್! ನೌಕಾಪಡೆಯ ರಾಷ್ಟ್ರೀಯ ಜಲಮಾಪನ ಕಚೇರಿ ಇರುವುದು ಅಲ್ಲಿ. ಬೆಟ್ಟದ ಬುಡದ ಊರು ಕಡಲಿನ ಯೋಗಕ್ಷೇಮ ನೋಡಬಹುದಾದರೆ ಹಾನಗಲ್ಲಿನವರು ಕಡಲಿನ ಮಾತು ಆಡಬಾರದೇ? ಅಲ್ಲದೆ ನಮ್ಮ ಕಡೆಯ ಹುಡುಗರು ಮಂಗಳೂರು, ಮಲ್ಪೆ ಬಂದರುಗಳಿಗೆ ದುಡಿಯಲು ಹೋಗುತ್ತಾರೆ. ಅವರ ಜೀವಕ್ಕೆ ಸಂಬಂಧಪಟ್ಟ ವಿಷಯ ಇದು.

ಎಚ್ಚರಿಕೆ ಅಂದರೆ ಏನು ಎಂಬುದಕ್ಕೆ ಇತ್ತೀಚಿನ ಉದಾಹರಣೆ ಕೊಡುತ್ತೇನೆ. 2025ರ ಜೂನ್ 9ರಂದು ಕೇರಳದ ತೀರದಾಚೆ 'ವಾನ್ ಹೈ 503' ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದ 22 ಜನರಲ್ಲಿ 18 ಜನರನ್ನು ಉಳಿಸಿ, ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೇ ಕರೆತಂದರು. ನಾಲ್ವರು ಕಾಣೆಯಾದರು. ಅದಕ್ಕೆ ಎರಡು ವಾರ ಮೊದಲು, ಮೇ 25ರಂದು, ಕೊಚ್ಚಿಯ ಆಚೆ 'ಎಂಎಸ್‌ಸಿ ಎಲ್ಸಾ 3' ಹಡಗು 640 ಕಂಟೇನರುಗಳ ಸಮೇತ ಮುಳುಗಿತ್ತು. ಕಂಟೇನರ್ ಎಂದರೆ ಲಾರಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಅರ್ಧ ಮುಳುಗಿ ತೇಲುತ್ತಿರುವ ಅಂಥ ಪೆಟ್ಟಿಗೆಗೆ ರಾತ್ರಿಯ ಹೊತ್ತು ಒಂದು ಬೋಟು ಗುದ್ದಿದರೆ ಗತಿ ಏನು? "ಇಂಥ ಕಡೆ ಇಂಥದ್ದು ತೇಲುತ್ತಿದೆ, ದೂರವಿರಿ" ಎಂಬುದೇ ಎಚ್ಚರಿಕೆ. ದೀಪಸ್ತಂಭದ ದೀಪ ಕೆಟ್ಟಿದೆ, ನೌಕಾಪಡೆ ಗುಂಡಿನ ಅಭ್ಯಾಸ ಮಾಡುತ್ತಿದೆ, ತೂಫಾನು ಏಳುತ್ತಿದೆ, ಒಂದು ಹಡಗು ಕಾಣೆಯಾಗಿದೆ, ಇವೆಲ್ಲವೂ ಎಚ್ಚರಿಕೆಗಳೇ.

ಈ ವ್ಯವಸ್ಥೆ ಸುಮ್ಮನೆ ಬಂದದ್ದಲ್ಲ, ಹೆಣದ ರಾಶಿಯ ಮೇಲೆ ಕಟ್ಟಿದ್ದು. 1912ರ ಏಪ್ರಿಲ್ 14ರಂದು ಟೈಟಾನಿಕ್ ಹಡಗಿಗೆ "ಮುಂದೆ ಮಂಜುಗಡ್ಡೆಗಳಿವೆ" ಎಂದು ಬೇರೆ ಹಡಗುಗಳಿಂದ ತಂತಿರಹಿತ ಸಂದೇಶಗಳು ಬಂದಿದ್ದವು. ಯಂತ್ರದ ಮುಂದೆ ಕುಳಿತವರು ಶ್ರೀಮಂತ ಪ್ರಯಾಣಿಕರ ಖಾಸಗಿ ತಂತಿ ಕಳಿಸುವುದರಲ್ಲಿ ಮುಳುಗಿದ್ದರು. ಒಂದು ಮುಖ್ಯ ಸಂದೇಶ ಹಡಗು ನಡೆಸುವವರ ಕೈಗೆ ಮುಟ್ಟಲೇ ಇಲ್ಲ. ಸುಮಾರು 1500 ಜನ ಸತ್ತರು. ಬಂದ ಎಚ್ಚರಿಕೆ ಮೇಜಿನ ಮೇಲೆ ಬಿದ್ದಿರಬಾರದು, ಮುಟ್ಟಬೇಕಾದವನಿಗೆ ಮುಟ್ಟಲೇಬೇಕು ಎಂಬ ಪಾಠ ಅಂದು ಜಗತ್ತಿಗೆ ಸಿಕ್ಕಿತು. 1914ರಲ್ಲಿ ಕಡಲಿನ ಜೀವರಕ್ಷಣೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಾಯಿತು.

ಇಂದು ಜಗತ್ತಿನ ಸಮುದ್ರವನ್ನು 21 ವಲಯಗಳಾಗಿ ಹಂಚಿದ್ದಾರೆ. ಇವಕ್ಕೆ ನಾವೇರಿಯಾ ಎಂದು ಹೆಸರು. ಎಂಟನೆಯದು ಭಾರತದ ಹೊಣೆ. ಒಂಬತ್ತನೆಯದು ಪಾಕಿಸ್ತಾನದ ಹೊಣೆ. ಗಡಿಯಲ್ಲಿ ಏನೇ ಜಗಳವಿರಲಿ, ಕಡಲಿನ ಎಚ್ಚರಿಕೆ ಎಲ್ಲ ದೇಶದ ಹಡಗಿಗೂ ಪುಕ್ಕಟೆಯಾಗಿ ಸಿಗಬೇಕು. ನಮ್ಮ ವಲಯದ ಎಚ್ಚರಿಕೆಗಳನ್ನು ಡೆಹರಾಡೂನ್ ಸಿದ್ಧಮಾಡಿದರೆ, ಗಾಳಿ ಮಳೆಯ ಮುನ್ಸೂಚನೆಯನ್ನು ಭಾರತೀಯ ಹವಾಮಾನ ಇಲಾಖೆ ಕೊಡುತ್ತದೆ. ನಡುಗಡಲಿನ ಹಡಗಿಗೆ ಇದು ಮುಟ್ಟುವುದು ಉಪಗ್ರಹದ ಮೂಲಕ. ತೀರಕ್ಕೆ ಹತ್ತಿರವಿದ್ದರೆ ನಾವ್‌ಟೆಕ್ಸ್ ಎಂಬ ರೇಡಿಯೋ ಮೂಲಕ.

ಈ ನಾವ್‌ಟೆಕ್ಸ್ ವಿಷಯ ಪ್ರೆಸ್ಸಿನವನಾದ ನನಗೆ ಬಹಳ ಹಿಡಿಸಿತು. ಯಾಕೆಂದರೆ ಅದು ಹಡಗಿನೊಳಗಿನ ಒಂದು ಪುಟ್ಟ ಪ್ರೆಸ್ಸು! 518 ಕಿಲೋಹರ್ಟ್ಸ್ ಅಲೆಯಲ್ಲಿ ಬಂದ ಸುದ್ದಿಯನ್ನು ಪೆಟ್ಟಿಗೆಯಂಥ ಯಂತ್ರ ತಾನಾಗಿಯೇ ಸಣ್ಣ ಕಾಗದದ ಸುರುಳಿಯ ಮೇಲೆ ಅಚ್ಚು ಹಾಕುತ್ತದೆ. ಹೊಸ ಯಂತ್ರಗಳಲ್ಲಿ ಪರದೆಯ ಮೇಲೆ ಮೂಡುತ್ತದೆ. ಯಾರೂ ಕಿವಿಗೊಟ್ಟು ಕೂರಬೇಕಿಲ್ಲ. ಒಂದೊಂದು ಕೇಂದ್ರಕ್ಕೆ ನಾಲ್ಕು ತಾಸಿಗೊಮ್ಮೆ ಹತ್ತು ನಿಮಿಷದ ಪಾಳಿ. ನಮ್ಮ ಕಡೆ ಕಾಲುವೆ ನೀರಿಗೆ ಪಾಳಿ ಹಚ್ಚಿದಂತೆ, ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಗುಡುಗು ಸಿಡಿಲಿನ ಗದ್ದಲದಲ್ಲಿ ಅಕ್ಷರ ಕೆಡಬಾರದೆಂದು ಪ್ರತಿ ಅಕ್ಷರವನ್ನೂ ಎರಡು ಸಲ ಕಳಿಸುತ್ತಾರೆ. ನಾವು ಎರಡು ಸಲ ಪ್ರೂಫ್ ನೋಡುವ ಹಾಗೆ. ಲಗ್ನಪತ್ರಿಕೆಯಲ್ಲಿ ಒಂದು ಅಂಕಿ ತಪ್ಪಿದರೆ ಬೀಗರು ಅಕ್ಕಿಕಾಳು ಬಿದ್ದ ಮೇಲೆ ಬರುತ್ತಾರೆ. ಕಡಲಿನಲ್ಲಿ ಒಂದು ಅಂಕಿ ತಪ್ಪಿದರೆ ಹಡಗು ಬಂಡೆಗೆ ಬಡಿಯುತ್ತದೆ. ಇನ್ನೊಂದು ವಿಶೇಷ. ತನಗೆ ಬೇಡವಾದ ಕೆಲವು ಬಗೆಯ ಸುದ್ದಿಯನ್ನು ಕಪ್ತಾನ ನಿಲ್ಲಿಸಬಹುದು. ಆದರೆ ದಾರಿಯ ಅಪಾಯ, ತೂಫಾನು, ಜೀವರಕ್ಷಣೆಯ ಸುದ್ದಿ, ಇವನ್ನು ನಿಲ್ಲಿಸಲು ಯಂತ್ರವೇ ಬಿಡುವುದಿಲ್ಲ.

ಭಾರತದ ತೀರದಲ್ಲಿ ಇಂಥ ಏಳು ಕೇಂದ್ರಗಳಿವೆ. ಪಶ್ಚಿಮಕ್ಕೆ ಗುಜರಾತಿನ ವೆರಾವಲ್, ಮಹಾರಾಷ್ಟ್ರದ ವೆಂಗುರ್ಲಾ, ತಮಿಳುನಾಡಿನ ಮುಟ್ಟಂ. ಕರ್ನಾಟಕದಲ್ಲಿ ಒಂದೂ ಇಲ್ಲ. ಇದರಲ್ಲಿ ಅನ್ಯಾಯವಾಯಿತೆಂದು ನಾನು ಕೂಗುವುದಿಲ್ಲ. ಒಂದು ಕೇಂದ್ರದ ಅಲೆ 250ರಿಂದ 400 ನಾಟಿಕಲ್ ಮೈಲು ಮುಟ್ಟುತ್ತದೆ, ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ತೀರಕ್ಕೆ ಅದು ಸಾಕು. ಅಲೆ ಮುಟ್ಟುತ್ತದೆ ಬಂಧುಗಳೇ, ಮುಟ್ಟದಿರುವುದು ಅರ್ಥ!

518ರಲ್ಲಿ ಬರುವುದು ಇಂಗ್ಲಿಷ್ ಒಂದೇ. ದೊಡ್ಡ ಹಡಗಿಗೆ ಅದು ಸರಿ. ಕಪ್ತಾನ ಗ್ರೀಸಿನವನಿರಬಹುದು, ಫಿಲಿಪೀನ್ಸಿನವನಿರಬಹುದು, ಎಲ್ಲರಿಗೂ ಒಂದು ನುಡಿ ಬೇಕು. ಆ ಅಧಿಕಾರಿಗಳು ಇಂಗ್ಲಿಷ್ ಕಲಿತೇ ಪರೀಕ್ಷೆ ಪಾಸಾಗಿರುತ್ತಾರೆ. ಆದರೆ ಆ ರೇಡಿಯೋ ನಿಯಮಗಳು ಕಡ್ಡಾಯವಾಗಿರುವುದು ಅಂತಾರಾಷ್ಟ್ರೀಯ ಯಾನದ ಪ್ರಯಾಣಿಕರ ಹಡಗು ಮತ್ತು 300 ಟನ್ನಿಗೆ ಮೇಲ್ಪಟ್ಟ ಸರಕು ಹಡಗುಗಳಿಗೆ. ಮಲ್ಪೆಯ, ತದಡಿಯ, ಗಂಗೊಳ್ಳಿಯ ಮೀನು ಬೋಟು ಆ ಲೆಕ್ಕಕ್ಕೇ ಬರುವುದಿಲ್ಲ. ಆ ಬೋಟಿನ ತಾಂಡೇಲ ಮನೆಯಲ್ಲಿ ತುಳು ಆಡಬಹುದು, ಕೊಂಕಣಿ ಆಡಬಹುದು. ಓದಲು ಕಲಿತದ್ದು ಕನ್ನಡ ಅಕ್ಷರ.

ಹಾಗಾದರೆ ಆ ಪುಟ್ಟ ಪ್ರೆಸ್ಸಿನಲ್ಲಿ ಕನ್ನಡ ಬರುತ್ತದೆಯೇ? ಮೊಳೆ ಜೋಡಿಸುವವರ ಲೆಕ್ಕದಲ್ಲಿ ಹೇಳುತ್ತೇನೆ. ಅದರ ಸಂಕೇತದಲ್ಲಿ ಸಾಧ್ಯವಿರುವ ಜೋಡಣೆಗಳು ಒಟ್ಟು 35. ಇಂಗ್ಲಿಷಿನ 26 ದೊಡ್ಡಕ್ಷರ ಕೂರಿಸಿದರೆ ಉಳಿಯುವುದು ಒಂಬತ್ತೇ ಮನೆ. ನಮ್ಮ ತಂದೆಯವರ ಕಾಲದ ಕನ್ನಡ ಮೊಳೆಗಳ ಕೇಸು ಇನ್ನೂ ನಮ್ಮ ಪ್ರೆಸ್ಸಿನಲ್ಲಿದೆ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಮನೆಗಳು. 35 ಮನೆಯ ಪೆಟ್ಟಿಗೆಯಲ್ಲಿ ಅದು ಹಿಡಿಯುವುದಿಲ್ಲ. "ಹಾಗಾದರೆ ಆಗದ ಮಾತು" ಎಂದು ಕೈ ಚೆಲ್ಲಬೇಕೇ? ಜಪಾನಿನವರು ಚೆಲ್ಲಲಿಲ್ಲ. ಅವರ ಲಿಪಿ ನಮ್ಮದಕ್ಕಿಂತ ಕಷ್ಟದ್ದು. ಆದರೂ 424 ಕಿಲೋಹರ್ಟ್ಸಿನಲ್ಲಿ ಜಪಾನೀ ಭಾಷೆಯಲ್ಲೇ ನಾವ್‌ಟೆಕ್ಸ್ ನಡೆಸುತ್ತಾರೆ. ಫ್ರಾನ್ಸಿನವರು 490ರಲ್ಲಿ ಫ್ರೆಂಚ್ ಕಳಿಸುತ್ತಾರೆ. ಆಯಾ ನಾಡಿನ ನುಡಿಗೆಂದು ಜಾಗ ಬಿಟ್ಟಿರುವುದು ಅಂತಾರಾಷ್ಟ್ರೀಯ ನಿಯಮವೇ! ನಾಡಿನ ನುಡಿ ಕೇಳುವುದು ಹಟಮಾರಿತನ ಎನ್ನುವವರು ಇದನ್ನು ನೆನಪಿಡಬೇಕು.

ನಮ್ಮಲ್ಲೂ ಕೆಲಸ ಆಗಿಲ್ಲವೆಂದಲ್ಲ. ಹೈದರಾಬಾದಿನಲ್ಲಿ 1999ರಲ್ಲಿ ಆರಂಭವಾದ ಇನ್‌ಕಾಯ್ಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ ಅಲೆಯ ಎತ್ತರ, ಮೀನು ಸಿಗುವ ಜಾಗ ಮೊದಲಾದ ಮಾಹಿತಿಯನ್ನು ಕನ್ನಡದಲ್ಲೂ ಕೊಡುತ್ತದೆ. ಆದರೆ ತೀರದಿಂದ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಮೊಬೈಲು ಸತ್ತಂತೆ. 2017ರ ನವೆಂಬರ್ ಕೊನೆಗೆ ಒಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ಮೀನುಗಾರರು ಆಗಲೇ ದೂರದ ಕಡಲಿನಲ್ಲಿದ್ದರು. ಅವರನ್ನು ಕೂಗಿ ಕರೆಯುವ ದಾರಿಯೇ ಇರಲಿಲ್ಲ. ನೂರಾರು ಮನೆಗಳ ದೀಪ ಆರಿತು. ಆಮೇಲೆ, 2019ರ ಅಕ್ಟೋಬರಿನಲ್ಲಿ, ಜೆಮಿನಿ ಎಂಬ ಸಣ್ಣ ಯಂತ್ರ ಬಂತು. ಗಗನ್ ಉಪಗ್ರಹ ವ್ಯವಸ್ಥೆಯಿಂದ ಎಚ್ಚರಿಕೆ ಹಿಡಿದು, ಬ್ಲೂಟೂತ್ ಮೂಲಕ ಬೋಟಿನವನ ಮೊಬೈಲಿಗೆ ದಾಟಿಸುತ್ತದೆ. ಒಂಬತ್ತು ಪ್ರಾದೇಶಿಕ ಭಾಷೆಗಳಲ್ಲಿ ಸಂದೇಶ ತೋರಿಸುವಂತೆ ಅದನ್ನು ರೂಪಿಸಿದ್ದಾರೆ. ಅಂದರೆ ತಂತ್ರಜ್ಞಾನದ ನೆವ ಇನ್ನು ನಡೆಯುವುದಿಲ್ಲ. 35 ಮನೆಯ ಪೆಟ್ಟಿಗೆಯ ಕಾಲ ಮುಗಿಯಿತು.

ಎಚ್ಚರಿಕೆ ಮುಟ್ಟಿದರಷ್ಟೇ ಸಾಲದು, ಅದಕ್ಕೆ ಬೆಲೆಯನ್ನೂ ಕೊಡಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಮುನ್ಸೂಚನೆ ಮೊದಲೇ ಹೊರಟಿತ್ತು. ಆದರೂ ನಮ್ಮ ತೀರದಲ್ಲೇ ಒಂದು ಟಗ್ ಮಗುಚಿತು. ಇನ್ನೊಂದು ಟಗ್ ಮೂಲ್ಕಿಯ ಬಳಿ ಬಂಡೆಗೆ ಸಿಕ್ಕಿತು. ಅದರಲ್ಲಿದ್ದ ಒಂಬತ್ತು ಜನರನ್ನು ಮೇ 17ರಂದು ಕರಾವಳಿ ಕಾವಲು ಪಡೆ, ನೌಕಾಪಡೆ ಸೇರಿ ಉಳಿಸಿದವು. ಅದೇ ದಿನ ಮುಂಬಯಿಯ ಆಚೆ 'ಪಿ 305' ಬಾರ್ಜ್ ಮುಳುಗಿತು. ಅದರಲ್ಲಿದ್ದ 261 ಜನರಲ್ಲಿ 70ಕ್ಕೂ ಹೆಚ್ಚು ಜನ ಬದುಕಲಿಲ್ಲ. ಅವರು ಕೂಲಿಯವರು, ತಂತ್ರಜ್ಞರು. ಎಚ್ಚರಿಕೆಯ ಕಾಗದ ಓದುವ ಅಧಿಕಾರ ಅವರದಲ್ಲ, ಹಡಗು ತಿರುಗಿಸುವ ಅಧಿಕಾರವೂ ಅಲ್ಲ. ಅದಕ್ಕೇ ಹೇಳುವುದು, ಎಚ್ಚರಿಕೆ ಕಪ್ತಾನನೊಬ್ಬನ ಸೊತ್ತಾಗಬಾರದು. ಹಡಗಿನಲ್ಲಿ ಜೀವ ಒತ್ತೆಯಿಟ್ಟ ಪ್ರತಿಯೊಬ್ಬನಿಗೂ ಅದು ತಿಳಿಯಬೇಕು.

ಆದ್ದರಿಂದ ನಾವು ಒಕ್ಕೊರಲಿನಿಂದ ಕೇಳಬೇಕಾದದ್ದು ಮೂರು.

ಒಂದು, ಕರ್ನಾಟಕ ತೀರಕ್ಕೆ ಸಂಬಂಧಿಸಿದ ಪ್ರತಿ ಎಚ್ಚರಿಕೆಯೂ ಇಂಗ್ಲಿಷಿನ ಜೊತೆಜೊತೆಗೇ ಕನ್ನಡದಲ್ಲೂ ಹೊರಡಬೇಕು. ಮರುದಿನ ಅನುವಾದವಾಗಿ ಬಂದರೆ ಅದು ಎಚ್ಚರಿಕೆಯಲ್ಲ, ತಿಥಿಯ ಕಾಗದ.

ಎರಡು, ಆ ಕನ್ನಡ ಬೋಟಿನವನ ಕನ್ನಡವಾಗಿರಬೇಕು. "ಸಮುದ್ರವು ಪ್ರಕ್ಷುಬ್ಧಗೊಳ್ಳುವ ಸಂಭವವಿದ್ದು" ಎಂದು ಬರೆದರೆ ಯಾರಿಗೆ ಬೇಕು? "ನಾಳೆ ಸಂಜೆಯಿಂದ ದೊಡ್ಡ ಅಲೆ. ಕಡಲಿಗೆ ಇಳಿಯಬೇಡಿ. ಹೊರಗಿದ್ದವರು ಹತ್ತಿರದ ಬಂದರಿಗೆ ಬನ್ನಿ." ಇಷ್ಟು ಸಾಕು. ಬರೆದ ಮೇಲೆ ನಾಲ್ಕು ತಾಂಡೇಲರಿಗೆ ಓದಿ ಹೇಳಿ, ತಿಳಿಯಿತೇ ಎಂದು ಕೇಳಬೇಕು. ಅದೇ ನಿಜವಾದ ಪ್ರೂಫ್.

ಮೂರು, ನಮ್ಮ ಬೋಟುಗಳಲ್ಲಿ ದುಡಿಯುವ ಒಡಿಶಾದವನಿಗೆ, ಆಂಧ್ರದವನಿಗೆ ಅವನವನ ಭಾಷೆಯಲ್ಲಿ ತಿಳಿಸುವ ಏರ್ಪಾಟೂ ಆಗಬೇಕು. ನಮ್ಮ ನುಡಿಗೆ ಹಕ್ಕು ಕೇಳುವ ನಾವು ಇನ್ನೊಬ್ಬನ ಜೀವಕ್ಕೆ ಕಿವುಡಾಗಬಾರದು. ಅದು ಕನ್ನಡತನವಲ್ಲ.

ಕೊನೆಗೆ ನಿಮಗೆ ಒಂದು ಕೆಲಸ. ನಿಮ್ಮ ಊರಿನ ಹುಡುಗ ಬಂದರಿಗೆ ದುಡಿಯಲು ಹೊರಟರೆ, ಬುತ್ತಿ ಕಟ್ಟಿಕೊಡುವಾಗ ಒಂದು ಪ್ರಶ್ನೆ ಕೇಳಿ: "ತಮ್ಮಾ, ನಿನ್ನ ಬೋಟಿನಲ್ಲಿ ಎಚ್ಚರಿಕೆ ಹಿಡಿಯುವ ಯಂತ್ರ ಇದೆಯೇನು? ಅದು ಯಾವ ಭಾಷೆಯಲ್ಲಿ ಮಾತಾಡುತ್ತದೆ?" ಅವನಿಗೆ ಗೊತ್ತಿಲ್ಲದಿದ್ದರೆ ಬೋಟಿನ ಮಾಲೀಕನನ್ನು ಕೇಳಲು ಹೇಳಿ. ಮಾಲೀಕನಿಗೂ ಗೊತ್ತಿಲ್ಲದಿದ್ದರೆ ಮೀನುಗಾರಿಕೆ ಇಲಾಖೆಗೆ ಒಂದು ಕಾಗದ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ.

ಸಿರಿಗನ್ನಡಂ ಗೆಲ್ಗೆ! ಕಡಲಿಗಿಳಿದ ಕನ್ನಡಿಗ ಕ್ಷೇಮವಾಗಿ ದಡ ಸೇರಲಿ!