ಹಳೆಯ ನಕಾಶೆಗಳಲ್ಲಿ ಕೊಡಗು

ನಕಾಶೆಯೆಂದರೆ ದಾರಿ ತೋರುವ ಕಾಗದವೆಂದಷ್ಟೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹಳೆಯ ಮೋಜಣಿಯ ನಕಾಶೆಯನ್ನು ಸಾವಧಾನದಿಂದ ಓದಿದರೆ, ಅದು ಒಂದು ನಾಡು ಹೇಗೆ ಬದುಕಿತೆಂಬುದನ್ನೂ ಹೇಳಬಲ್ಲದು. ಕೊಡಗಿನ ಮಟ್ಟಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆಂದು ನನ್ನ ಭಾವನೆ.

ಕೊಡಗನ್ನು ಲೆಫ್ಟಿನೆಂಟ್ ಕಾನರ್ ಅಳೆದದ್ದು 1815ರಿಂದ 1817ರ ವರೆಗೆ; ಆಗ ಲಿಂಗರಾಜೇಂದ್ರನ ಆಳ್ವಿಕೆ. ಕಾನರನ ವಿವರಣೆ ಬೆಂಗಳೂರಿನಲ್ಲಿ ಅಚ್ಚಾದದ್ದು 1870ರಲ್ಲಿ. ಈ ನಡುವೆ, 1834ರಲ್ಲಿ, ರಾಜ್ಯ ಇಂಗ್ಲಿಷರ ವಶವಾಯಿತು. 1854ರಲ್ಲಿ ಮಡಿಕೇರಿಯ ಬಳಿ ಫೌಲರನ ಕಾಫಿ ತೋಟ ಆರಂಭವಾಯಿತು. ಎಂದಮೇಲೆ ಕಾನರನು ಕಂಡದ್ದು ದೊಡ್ಡ ತೋಟಗಳು ಬರುವುದಕ್ಕೆ ಮುಂಚಿನ ಕೊಡಗನ್ನು. ಬೆಟ್ಟಗಳ ಮೇಲೆ ಹಾದುಹೋಗುವ ಕಡಂಗಗಳನ್ನು, ಅಂದರೆ ಹಿಂದಿನವರು ಕಾಳಗಕ್ಕಾಗಿ ತೋಡಿದ ಆಳವಾದ ಕಂದಕಗಳನ್ನು, ಅವನು ಗಮನಿಸಿ ಬರೆದಿದ್ದಾನೆ. ಅವುಗಳಲ್ಲಿ ಎಷ್ಟೋ ಇಂದು ಕಾಫಿ ಗಿಡಗಳ ನಡುವೆ ಅಡಗಿವೆ.

ಇಪ್ಪತ್ತನೆಯ ಶತಮಾನದಲ್ಲಿ ಮೈಲಿಗೆ ಒಂದಂಗುಲದ ಹಾಳೆಗಳು ಬಂದವು. ಕಂದು ಗೆರೆಗಳು ಬೆಟ್ಟದ ಏರಿಳಿತವನ್ನೂ, ಹಳದಿ ಸಾಗುವಳಿಯನ್ನೂ, ಹಸಿರು ಕಾಡನ್ನೂ ಸೂಚಿಸುತ್ತವೆ. ಕುಶಾಲನಗರದ ಪೂರ್ವಕ್ಕೆ, ಮೈಸೂರು ಸೀಮೆಯಲ್ಲಿ, ಮನೆಗಳು ಒತ್ತೊತ್ತಾಗಿ ಸೇರಿ ಊರಾಗಿವೆ. ಪಶ್ಚಿಮಕ್ಕೆ ಬಂದರೆ ಆ ಬಗೆಯ ಊರು ಅಪರೂಪ. ಬೆಟ್ಟಗಳ ನಡುವೆ ಬೆರಳುಗಳಂತೆ ನುಗ್ಗಿದ ಗದ್ದೆಗಳು. ಗದ್ದೆಯ ಅಂಚಿನಲ್ಲಿ, ಇಳಿಜಾರು ಆರಂಭವಾಗುವೆಡೆ, ದೂರದೂರಕ್ಕೆ ಒಂಟಿ ಮನೆಗಳು. ಕೆಳಗೆ ಅನ್ನ ಕೊಡುವ ಗದ್ದೆ, ಮೇಲೆ ಸೌದೆ ಸೊಪ್ಪು ಕೊಡುವ ಬಾಣೆ, ನಡುವೆ ಐನ್‌ಮನೆ: ಒಕ್ಕದ ಬಾಳುವೆಯೆಲ್ಲ ಈ ಮೂರರ ಹೊಂದಾಣಿಕೆಯಲ್ಲಿತ್ತು.

ಈ ಹೊಂದಾಣಿಕೆ ಸಡಿಲವಾದುದಕ್ಕೂ ದಾಖಲೆಗಳುಂಟು. 1905ರಲ್ಲಿ 15,506 ಎಕರೆಗಳಷ್ಟಿದ್ದ ದೇವರಕಾಡು 1985ರ ವೇಳೆಗೆ 6,299 ಎಕರೆಗೆ ಇಳಿದಿತ್ತು. ದೇವರ ಭಯವೂ ಕಾಯಲಾರದಷ್ಟು ನೆಲದ ಆಸೆ ಬಲಿತಿತ್ತೆನ್ನಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಲ ಬೆಟ್ಟಗಳು ಕುಸಿದು ಮನೆ ತೋಟಗಳು ಕೊಚ್ಚಿಹೋದ ಮೇಲೆ, ಕಂದು ಗೆರೆಗಳು ಒತ್ತಾಗಿರುವ ಸ್ಥಳಗಳನ್ನು ನಾನು ಬೇರೆಯೇ ಕಣ್ಣಿನಿಂದ ನೋಡುತ್ತೇನೆ. ಗೆರೆ ಒತ್ತಾದಷ್ಟೂ ಇಳಿಜಾರು ಕಡಿದು. ಅಲ್ಲಿ ನೆಲ ಕಡಿದು ಮಟ್ಟಮಾಡುವ ಮೊದಲು ಆ ಹಾಳೆಯನ್ನೊಮ್ಮೆ ಬಿಚ್ಚಿ ನೋಡುವುದು ಒಳಿತು.

ನಕಾಶೆ ಎಲ್ಲವನ್ನೂ ಹೇಳುವುದಿಲ್ಲ, ನಿಜ. ಆ ಹಸಿರು ಬಣ್ಣದೊಳಗೆ ಬಾಳಿದ ಜೇನುಕುರುಬರ, ಎರವರ ಸುಖದುಃಖ ಅದರಲ್ಲಿಲ್ಲ. ಅದನ್ನು ಹಿರಿಯರ ಬಾಯಿಂದಲೇ ಕೇಳಬೇಕು. ಹಾಳೆಯನ್ನೂ ಹಿರಿಯರ ನೆನಪನ್ನೂ ಜೊತೆಗಿಟ್ಟು ಓದಿದಾಗಲೇ ನಾಡಿನ ನಿಜವಾದ ಚಿತ್ರ ಮೂಡೀತು.